ಇಪ್ಪತ್ತೆರಡು ಹೆಜ್ಜೆ ದೂರದ ಜಿಂಕೆ

ಜನವರಿಯ ಒಂದು ಶುಕ್ರವಾರ, ಬೆಳಿಗ್ಗೆ ಐದೂವರೆಗೆ ದುಬೈಯ ಕರಾಮದಲ್ಲಿರುವ ನಮ್ಮ ಕಟ್ಟಡದ ಕೆಳಗೆ ವ್ಯಾನ್ ಬಂದು ನಿಂತಾಗ ನಾನಿನ್ನೂ ಜಗಳದ ಮಧ್ಯದಲ್ಲಿದ್ದೆ. ಜಗಳ ನನ್ನ ಸೋದರಮಾವ ಸುಧಾಕರ ಮಾವನ ಜೊತೆ. ವಿಷಯ, ಬೇಲಿಯೊಳಗೆ ಸಾಕಿದ ಜಿಂಕೆಯನ್ನು ಹೊಡೆಯುವುದು ಬೇಟೆಯೋ ಅಲ್ಲವೋ. ನಾಲ್ಕನೇ ಮಹಡಿಯಿಂದ ಲಿಫ್ಟ್ ಇಳಿಯುವಷ್ಟರಲ್ಲಿ ನಾನು ಮೂರು ಅಂಶಗಳನ್ನು ಮಂಡಿಸಿ ಮುಗಿಸಿದ್ದೆ. ಮಾವ ತಮ್ಮ ಗಾಲಿಕುರ್ಚಿಯ ಬ್ರೇಕ್ ಸರಿಮಾಡಿಕೊಳ್ಳುತ್ತಾ ಎಲ್ಲವನ್ನೂ ಕೇಳಿ, "ನಿನ್ನೆ ರಾತ್ರಿ ನೀನು ಕೋಳಿ ಸುಕ್ಕ ಎರಡು ಸಲ ಹಾಕಿಸಿಕೊಂಡಿಯಲ್ಲ ಮಾರಾಯ್ತಿ, ಆ ಕೋಳಿ ಎಂತ ಕಾಡಲ್ಲಿ ಓಡಾಡ್ತಿತ್ತಾ?" ಎಂದರು. ಮಂಗಳೂರಿನ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಕೂಟದಲ್ಲಿದ್ದು, ಕಪಾಟು ತುಂಬ ಕಪ್ ತಂದವಳು ನಾನು. ಆದರೂ ಕೋಳಿಯ ವಿಷಯ ಅಲ್ಲಿಗೇ ಬಿಟ್ಟು ವ್ಯಾನ್ ಹತ್ತಿದೆ.

ಮಾವನಿಗೆ ಮೂರನೇ ವಯಸ್ಸಿನಲ್ಲಿ ಪೋಲಿಯೋ ಬಂದು ಎರಡೂ ಕಾಲುಗಳು ಸೋತವು. ನೈಫ್ ಪೇಟೆಯ ಕಿಷ್ಕಿಂಧೆಯಂಥ ಅಂಗಡಿಯೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ವಾಚ್ ರಿಪೇರಿ ಮಾಡುತ್ತಿದ್ದಾರೆ. ಅಲ್ ಬರ್ಷಾದಲ್ಲಿ ಕೆಲಸ ಸಿಕ್ಕಿ ನಾನು ದುಬೈಗೆ ಬಂದಾಗ, ಬೇರೆ ಕಡೆ ಬೆಡ್‌ಸ್ಪೇಸ್, ಅಂದರೆ ಕೋಣೆಯಲ್ಲೊಂದು ಬಾಡಿಗೆ ಮಂಚ, ಹುಡುಕುವ ಮಾತನ್ನೂ ಆಡಬಾರದೆಂದು ತಮ್ಮ ಮನೆಯಲ್ಲೇ ಇರಿಸಿಕೊಂಡವರು. ಗಾಲಿಕುರ್ಚಿ ಬಳಸುವವರ ಕೂಟವೊಂದಕ್ಕೆ ಅವರು ಸದಸ್ಯರು. ಆ ಕೂಟ ಪ್ರತಿ ಚಳಿಗಾಲದಲ್ಲೂ ಒಂದು ಪ್ರವಾಸ ಏರ್ಪಡಿಸುತ್ತದೆ. ಕಳೆದ ವರ್ಷ ದೋಣಿಯಲ್ಲಿ ಮೀನು ಹಿಡಿಯಲು ಕರೆದೊಯ್ದಿದ್ದರು, ಈ ವರ್ಷ ಜಿಂಕೆ ಬೇಟೆ. ತಲೆಗೆ ಮುನ್ನೂರು ದಿರ್ಹಮ್, ಜೊತೆಗೆ ಬರುವವರಿಗೆ ಉಚಿತ. ಈ ದೇಶದಲ್ಲಿ ಬಯಲಿನಲ್ಲಿ ಬೇಟೆಯಾಡುವಂತಿಲ್ಲ. ಅನುಮತಿಯಿರುವ ಬೇಲಿಯೊಳಗಿನ ಜಾಗಗಳಲ್ಲಿ, ಅದೂ ಚಳಿಗಾಲದಲ್ಲಿ, ಬೇಟೆಗೆಂದೇ ಬೆಳೆಸಿದ ಪ್ರಾಣಿಗಳನ್ನು ಮಾತ್ರ ಹೊಡೆಯಬಹುದು. ಕೋವಿಯಿಲ್ಲ, ಬಿಲ್ಲು. ಕೋವಿಯ ಹಾಗೆ ಹೆಗಲಿಗಾನಿಸಿ ಕುದುರೆ, ಅಂದರೆ ಟ್ರಿಗರ್, ಒತ್ತಿದರೆ ಬಾಣ ಹಾರುವ ಬಿಲ್ಲು. ಮಾವ ಎರಡು ಸಂಜೆ ಹೋಗಿ ಹುಲ್ಲಿನ ಗುರಿಗೆ ಹೊಡೆದು ಅಭ್ಯಾಸ ಮಾಡಿ ಬಂದಿದ್ದರು.

ಊರು ದಾಟಿ ಅಲ್ ಐನ್ ರಸ್ತೆ ಹಿಡಿಯುತ್ತಿದ್ದಂತೆ ಮಂಜು ಕವಿಯಿತು. ಚಾಲಕ ವೇಗವನ್ನು ನಲವತ್ತಕ್ಕಿಳಿಸಿದ. ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಒಂದು ಪೆಟ್ರೋಲ್ ಬಂಕಿನ ಬಳಿ ನಿಲ್ಲಿಸಿ ಕರಕ್ ಚಾ ಕುಡಿದೆವು, ಲೋಟಕ್ಕೊಂದು ದಿರ್ಹಮ್. ಅತ್ತೆ ಕಟ್ಟಿಕೊಟ್ಟಿದ್ದ ಬನ್ಸ್ ಇನ್ನೂ ಬೆಚ್ಚಗಿತ್ತು. ಹೊರಗೆ ಹನ್ನೆರಡು ಡಿಗ್ರಿ. ದುಬೈಯಲ್ಲಿ ಚಳಿಗೆ ಕೈ ಉಜ್ಜಿಕೊಂಡೆ ಎಂದರೆ ಊರಿನವರು ನಂಬುವುದಿಲ್ಲ.

ಅಲ್ಲಿಯೇ, ಬನ್ಸ್ ಮುರಿಯುತ್ತಾ, ಮಾವ ಪಾಲಿನ ಕಥೆ ಹೇಳಿದರು. ಅವರು ಚಿಕ್ಕವರಿದ್ದಾಗ ಕಾರ್ಕಳದ ಕಡೆ ಹಂದಿ ಬೇಟೆಗೆ ಹತ್ತಿಪ್ಪತ್ತು ಜನ ಒಟ್ಟಾಗಿ ಹೋಗುತ್ತಿದ್ದರಂತೆ. ಆಗ ಕೇಳುವವರಿರಲಿಲ್ಲ. ಹಂದಿ ಬಿದ್ದರೆ ಪಾಲು ಮಾಡುವುದಕ್ಕೆ ಕಟ್ಟುನಿಟ್ಟಿನ ಕ್ರಮವಿತ್ತು. ಹೊಡೆದವನಿಗೆ ತಲೆ ಮತ್ತು ಒಂದು ತೊಡೆ. ಸೊಪ್ಪು ಬಡಿದು ಹಂದಿ ಎಬ್ಬಿಸಿದವರಿಗೆ ಒಂದೊಂದು ಪಾಲು. ನಾಯಿಗೂ ಒಂದು ಪಾಲು, ಅದು ನಾಯಿಯ ಯಜಮಾನನಿಗೆ. ಮಾವನ ಅಣ್ಣ, ನನ್ನ ಸಂಜೀವ ಮಾವ, ಗುರಿಯಿಟ್ಟು ಹೊಡೆಯುವ ಗುರಿಕಾರ. ತಮ್ಮನನ್ನು ಬೆನ್ನ ಮೇಲೆ ಹೊತ್ತು ತಂದು, ರಸ್ತೆಬದಿಯ ಜೀಪಿನ ಬಳಿ ಕೂರಿಸಿ, ಎಲ್ಲರ ಚಪ್ಪಲಿ ಕಾಯಲು ಹೇಳಿ ಕಾಡಿಗೆ ಹೋಗುತ್ತಿದ್ದರು. ಸಂಜೆ ಪಾಲು ಹಾಕುವಾಗ ಕೊನೆಗೆ ಒಂದು ಬಾಳೆಲೆಯಲ್ಲಿ ಎರಡು ತುಂಡು ಹೆಚ್ಚಿಗೆ ಇಟ್ಟು, ಇದು ಸುಧಾಕರನಿಗೆ, ಪಾಪ, ಎನ್ನುತ್ತಿದ್ದರಂತೆ.

"ನಾಯಿಯ ಪಾಲಿಗೆ ಯಾರೂ ಪಾಪ ಹೇಳ್ಲಿಲ್ಲ" ಎಂದರು ಮಾವ. "ನಾಯಿ ಓಡಿತ್ತಲ್ಲ."

ನಗುತ್ತಲೇ ಹೇಳಿದರು. ನಾನು ನಗಲಿಲ್ಲ. ಐವತ್ತೆಂಟರ ಈ ಮನುಷ್ಯ ನೂರೈವತ್ತು ಕಿಲೋಮೀಟರ್ ದೂರ ಹೋಗುತ್ತಿರುವುದು ಜಿಂಕೆಗಾಗಿ ಅಲ್ಲ, 'ಪಾಪ' ಎನ್ನಿಸಿಕೊಳ್ಳದ ಒಂದು ಪಾಲಿಗಾಗಿ ಎಂಬುದು ನನಗೆ ಆ ಪೆಟ್ರೋಲ್ ಬಂಕಿನಲ್ಲಿ ತಿಳಿಯಿತು. ತಿಳಿದರೂ ನನ್ನ ವಾದ ವಾದವೇ. ವ್ಯಾನ್ ಹತ್ತಿದ ಮೇಲೆ ನಾಲ್ಕನೆಯ ಅಂಶವನ್ನೂ ಹೇಳಿದೆ: ಗಾಲಿಕುರ್ಚಿಯವರಿಗೆಂದು ಮಾಡುವ ಇಂಥ ಕಾರ್ಯಕ್ರಮಗಳು ಅರ್ಧ ಫೋಟೋಗಾಗಿ. ಮಾವ ಅಷ್ಟರಲ್ಲಿ ನಿದ್ದೆ ಹೋಗಿದ್ದರು, ಅಥವಾ ಹಾಗೆ ನಟಿಸಿದರು.

ಎಂಟೂವರೆಗೆ ತಲುಪಿದೆವು. ಮಂಜು ಹರಿದು, ಎತ್ತ ನೋಡಿದರೂ ಹುರಿದ ರವೆಯ ಬಣ್ಣದ ಮರಳು, ಅಲ್ಲಲ್ಲಿ ನಮ್ಮ ಬನ್ನಿಯ ಜಾತಿಯ ಗಾಫ್ ಮರಗಳು. ನಿರೀಕ್ಷೆಯಂತೆಯೇ ಬಾಗಿಲಲ್ಲಿ ಬಟ್ಟೆಯ ಬ್ಯಾನರ್, ಫೋಟೋ ತೆಗೆಯುವವನು. ನಾನು ಮಾವನತ್ತ ನೋಡಿದೆ. ಅವರು ನೋಡಲಿಲ್ಲ.

ನಮ್ಮನ್ನು ನೋಡಿಕೊಳ್ಳಲು ಬಂದವರು ಮುರಾದ್ ಎಂಬ ಬಲೂಚಿ, ಐವತ್ತರ ಆಸುಪಾಸು. ಹಿಂದಿಯಲ್ಲೇ ಮಾತು, ನಡುನಡುವೆ ಅರಬಿ. ಮಾವನನ್ನು ಮೊದಲ ಮಾತಿಗೇ ಭಾಯಿಜಾನ್ ಎಂದು ಕರೆದರು, ನನ್ನನ್ನು ಬೇಟಿ ಎಂದರು. ಮರಳಿನಲ್ಲಿ ಗಾಲಿಕುರ್ಚಿ ಒಂದು ಅಡಿಯೂ ಹೋಗುವುದಿಲ್ಲ. ಅದಕ್ಕೆ ಇವರ ಉಪಾಯ ನೆಲಹಾಸು. ಮಸೀದಿಯೊಂದರಿಂದ ತಂದ ಹಳೆಯ ದಪ್ಪ ಕಾರ್ಪೆಟ್‌ಗಳು ಮೂರು. ಒಂದರ ಮುಂದೊಂದು ಹಾಸುವುದು, ಕುರ್ಚಿ ದಾಟಿದ ಕೂಡಲೇ ಹಿಂದಿನದನ್ನು ಸುತ್ತಿ ಎತ್ತಿಕೊಂಡು ಹೋಗಿ ಮುಂದೆ ಬಿಚ್ಚುವುದು. ಬಾಗಿಲಿನಿಂದ ನಮ್ಮನ್ನು ತಂದ ಜೀಪಿನಿಂದ ಮರೆಯ ತನಕ ನೂರು ಅಡಿ ಹೀಗೆ ಸಾಗಲು ಕಾಲು ಗಂಟೆ ಹಿಡಿಯಿತು. ಕಾರ್ಪೆಟ್‌ನ ಒಂದು ತುದಿ ನಾನೂ ಹಿಡಿದೆ. ಮಾವ ಮದುಮಗನ ಗತ್ತಿನಲ್ಲಿ ಕುಳಿತು, "ಸ್ವಲ್ಪ ಬಲಕ್ಕೆ ಹಾಸು ಮಗಾ, ಸುಕ್ಕು ಉಂಟು" ಎನ್ನುತ್ತಿದ್ದರು.

ಮರೆಯೆಂದರೆ ಖರ್ಜೂರದ ಗರಿಯ ತಡಿಕೆ, ಅದರಲ್ಲೊಂದು ಕಿಂಡಿ. ಎದುರು ಗಾಫ್ ಮರದಡಿ ನೀರಿನ ತೊಟ್ಟಿ. ಮೊದಲ ಸರದಿ ಕೂಟದಲ್ಲಿದ್ದ ಈಜಿಪ್ಟಿನ ಶಾಲಾಶಿಕ್ಷಕಿಯೊಬ್ಬರದು. ನಾವು ಹಿಂದೆ ಕುಳಿತು ನೋಡುತ್ತಿದ್ದೆವು. ಅರ್ಧ ಗಂಟೆಯ ಮೇಲೆ ಮೂರು ಜಿಂಕೆ ಬಂದವು. ಜಿಂಕೆ ಎನ್ನುತ್ತಿದ್ದೇನೆ, ಸರಿಯಾಗಿ ಹೇಳಬೇಕೆಂದರೆ ಮರಳುಗಾಡಿನ ಚಿಗರೆ, ನಮ್ಮ ಆಡಿನಷ್ಟೇ ಎತ್ತರ. ಅಬುಧಾಬಿಯ ಹೆಸರಿನಲ್ಲಿರುವ 'ಧಾಬಿ' ಎಂದರೆ ಇದೇ ಪ್ರಾಣಿ ಎಂದು ಮುರಾದ್ ಪಿಸುಗುಟ್ಟಿದರು. ಶಿಕ್ಷಕಿ ಕುದುರೆ ಒತ್ತಿದರು, ಒಂದು ಜಿಂಕೆ ಕುಸಿಯಿತು. ಮುರಾದ್ ಓಡಿಹೋಗಿ ಕತ್ತಿಯಿಂದ ಮುಗಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ತಟ್ಟಲಿಲ್ಲ. ಬಿಲ್ಲಿನ ಸದ್ದು ನನಗೆ ಎರಡು ಸಲ ಕೇಳಿಸಿತ್ತು. ಶಿಕ್ಷಕಿಯ ಬಾಣ ತೊಟ್ಟಿಯ ಆಚೆ ಮರಳಿನಲ್ಲಿ ನಿಂತಿದ್ದು ಕಣ್ಣಿಗೆ ಬಿತ್ತು. ಮುರಾದ್ ಅದನ್ನು ಹೆಕ್ಕಿ ಅಂಗಿಯೊಳಗೆ ಸೇರಿಸಿ, ಜಿಂಕೆಯ ಮೈಯಿಂದ ಕಿತ್ತ ಬಾಣವನ್ನು ತಂದು ಆಕೆಯ ಕೈಗಿತ್ತರು. ತಡಿಕೆಯ ಇನ್ನೊಂದು ತುದಿಯಲ್ಲಿ ಇನ್ನೊಂದು ಕಿಂಡಿ, ಅದರ ಕೆಳಗೆ ಇನ್ನೊಂದು ಬಿಲ್ಲು. ಮುರಾದ್ ಓಡಿಹೋದದ್ದು ಅಲ್ಲಿಂದಲೇ.

ಬೆಳಗಿನಿಂದ ನಾನು ಹೇಳುತ್ತಿದ್ದುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿರಲಿಲ್ಲ. ಆದರೆ ಗೆದ್ದ ಖುಷಿ ಬರಲಿಲ್ಲ. ಮುಂದಿನ ಸರದಿ ಮಾವನದು. ಹೇಳದಿದ್ದರೆ ಅವರಿಗೆ ಜಿಂಕೆ ಸಿಗುತ್ತದೆ, ಜೀವನಪೂರ್ತಿ ಸಂತೋಷದಲ್ಲಿರುತ್ತಾರೆ. ಹೇಳಿದರೆ ಅವರು ಬಂದ ದಾರಿಯೇ ವ್ಯರ್ಥ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ, ನೈಫ್‌ನಲ್ಲಿ ವಾಚಿನ ಮುಚ್ಚಳ ತೆರೆಯುವ ಮೊದಲು ಮಾಡುವಂತೆ ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಚ್ಚುತ್ತಿದ್ದರು. ಆ ಬೆರಳುಗಳನ್ನು ನೋಡಿ ನನ್ನಿಂದ ತಡೆಯಲಾಗಲಿಲ್ಲ. ಹೇಳಿಬಿಟ್ಟೆ.

ಮಾವ ಕನ್ನಡಕವನ್ನು ಮತ್ತೆ ಏರಿಸಿಕೊಂಡರು.

"ಹಾಗಾದ್ರೆ ಇಲ್ಲಿಯೂ ಬಾಳೆಲೆಯ ಎರಡು ತುಂಡೇ" ಎಂದರು. ಆಮೇಲೆ ನನ್ನತ್ತ ತಿರುಗಿ, "ನೀನು ಕಪ್ ತಂದವಳಲ್ವಾ? ಹೋಗಿ ಮಾತಾಡು."

ಕಾಲೇಜಿನಲ್ಲಿ ಚೀಟಿ ಎತ್ತಿ ಯಾವ ಪಕ್ಷ ಬಂದರೂ ಅದರ ಪರವಾಗಿ ಮಾತಾಡಬೇಕಿತ್ತು. ಹಾಗೆ ಬೇಟೆಯ ವಿರೋಧಿಯಾದ ನಾನು, ನನ್ನ ಮಾವ ತಾವೇ ಜಿಂಕೆ ಹೊಡೆಯಬೇಕೆಂದು ಮರಳಿನ ಮೇಲೆ ನಿಂತು ವಾದಿಸಿದೆ. ಮುರಾದ್ ಅಲ್ಲಗಳೆಯಲಿಲ್ಲ. ಗಾಯಗೊಂಡ ಪ್ರಾಣಿ ನರಳಬಾರದು, ಅದಕ್ಕೇ ಎರಡನೇ ಬಿಲ್ಲು ಎಂದರು. ಒಪ್ಪಿದೆ. ಆದರೆ ಶಿಕ್ಷಕಿಯ ಜಿಂಕೆಗೆ ಗಾಯವೇ ಆಗಿರಲಿಲ್ಲವಲ್ಲ ಎಂದೆ. ಅವರು ಮೀಸೆ ಸವರಿಕೊಂಡು, ಇಲ್ಲಿಂದ ಯಾರೂ ಬೇಸರದ ಮುಖ ಹೊತ್ತು ಮನೆಗೆ ಹೋಗಬಾರದು ಬೇಟಿ, ಇವರು ಮೊದಲೇ ಕಷ್ಟ ಕಂಡವರು ಎಂದರು. ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರ ಜೊತೆ ವಾದ ಮಾಡುವುದು ತುಂಬ ಕಷ್ಟ.

ಕೊನೆಗೆ ಒಂದೇ ಪ್ರಶ್ನೆ ಕೇಳಿದೆ. "ಎರಡು ಕಾಲಲ್ಲಿ ನಡೆದು ಬರುವ ಅತಿಥಿಗಳ ಜೊತೆಗೂ ನೀವು ಹೀಗೇ ಹೊಡೀತೀರಾ?"

ಮುರಾದ್ ಮಾವನ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಎರಡನೇ ಬಿಲ್ಲಿನಿಂದ ಬಾಣ ತೆಗೆದು ಕಾರ್ಪೆಟ್ ಮೇಲಿಟ್ಟರು. ನಡೆದು ಬರುವವರಿಗಿರುವ ನಿಯಮವೇ ಇವರಿಗೂ ಎಂದರು: ಜಿಂಕೆ ಹತ್ತಿರ ಬರುವ ತನಕ ಹೊಡೆಯಕೂಡದು, ಬಾಣ ಒಂದೇ, ಗಾಯವಾಗಿ ಓಡಿದರೆ ಮಾತ್ರ ತಾವು ಹೊಡೆಯುವುದು. ಮಾವ ತಲೆಯಾಡಿಸಿದರು. "ಖಲಾಸ್" ಎಂದು ಮುರಾದ್ ಮಾವನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತರು.

ಗಂಟೆ ಹನ್ನೊಂದಾಯಿತು. ಬಿಸಿಲು ಬೆನ್ನಿಗೆ ಹಿತವಾಗಿತ್ತು. ಬಿಲ್ಲನ್ನು ಕುರ್ಚಿಗೆ ಬಿಗಿದ ಕಬ್ಬಿಣದ ಕವೆಯ ಮೇಲಿಟ್ಟು ಮಾವ ಕಾದರು. ಮುರಾದ್ ಎಡಗಡೆಯ ದಿಬ್ಬವನ್ನು ಗಮನಿಸುತ್ತಿದ್ದರು. ಮಾವ ಬೆರಳಿನಿಂದ ಬಲಗಡೆ ತೋರಿಸಿದರು. ಗಾಳಿ ಆಚೆಯಿಂದ ಬೀಸುತ್ತಿದೆ, ಜಿಂಕೆ ನಮ್ಮ ವಾಸನೆ ಹೋಗದ ಕಡೆಯಿಂದಲೇ ಬರುತ್ತದೆ ಎಂಬುದು ಅವರ ಲೆಕ್ಕ. ಜೀಪಿನ ಬಳಿ ಚಪ್ಪಲಿ ಕಾಯುತ್ತಾ ಕುಳಿತವನಿಗೆ, ಯಾವ ಸದ್ದು ಎಲ್ಲಿಂದ ಬರುತ್ತದೆಂದು ಕೇಳುವುದು ಬಿಟ್ಟರೆ ಬೇರೆ ಕೆಲಸವೇನಿತ್ತು ಎಂದು ಆಮೇಲೆ ಹೇಳಿದರು. ಹತ್ತು ನಿಮಿಷದಲ್ಲಿ ಬಲಗಡೆಯಿಂದಲೇ ಬಂತು, ಒಂಟಿ ಗಂಡು, ಉಂಗುರುಂಗುರವಾದ ಕೊಂಬು. ತೊಟ್ಟಿಯ ಬಳಿ ನಿಂತು ಕತ್ತೆತ್ತಿ ನಮ್ಮ ತಡಿಕೆಯನ್ನೇ ನೋಡಿತು. ಕೊಲ್ಲಬಾರದೆಂದು ಬೆಳಗಿನಿಂದ ಬಾಯಿ ನೋಯಿಸಿಕೊಂಡವಳು ಉಸಿರು ಬಿಗಿಹಿಡಿದು, ತಾಗಲಿ, ತಾಗಲಿ ಎಂದುಕೊಳ್ಳುತ್ತಿದ್ದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜ.

ಬಾಣ ಹಾರಿತು. ಜಿಂಕೆಯ ಹೊಟ್ಟೆಯ ಕೆಳಗಿನಿಂದ ನುಸುಳಿ ಮರಳಿಗೆ ಹೊಕ್ಕಿತು. ಜಿಂಕೆ ನೆಗೆದು ಹತ್ತು ಮಾರು ದೂರ ಹೋಗಿ, ನಿಂತು ಒಮ್ಮೆ ತಿರುಗಿ ನೋಡಿ, ದಿಬ್ಬ ಹತ್ತಿ ಮರೆಯಾಯಿತು.

ಚಪ್ಪಾಳೆಯಿಲ್ಲ. ಫೋಟೋದವನು ಕ್ಯಾಮೆರಾ ಇಳಿಸಿದ. ನಾನು ಮಾವನ ಮುಖ ನೋಡಲು ಹೆದರಿದೆ. ನೋಡಿದರೆ, ಅವರು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

"ಕಂಡಿಯಾ? ಕೂದಲೆಳೆ. ಒತ್ತುವಾಗ ಉಸಿರು ಬಿಟ್ಟೆ, ಅದೇ ತಪ್ಪು."

ಮುರಾದ್ ಹೋಗಿ ಬಾಣ ತಂದರು. ನಾನೂ ಅವರ ಜೊತೆ ನಡೆದು ಜಿಂಕೆ ನಿಂತಿದ್ದ ಜಾಗದ ತನಕ ದೂರ ಎಣಿಸಿದೆ. ಇಪ್ಪತ್ತೆರಡು ಹೆಜ್ಜೆ.

ಊಟಕ್ಕೆ ಕೆಂಪು ಜಮಖಾನೆಯ ಮೇಲೆ ದೊಡ್ಡ ತಾಟಿನಲ್ಲಿ ಮಜ್ಬೂಸ್ ಅನ್ನ, ಮೇಲೆ ಆಡಿನ ಮಾಂಸ, ಒಣ ನಿಂಬೆಯ ಪರಿಮಳ. ಹೊರಡುವಾಗ ಪ್ರತಿಯೊಬ್ಬರಿಗೂ ಹೆಸರು ಬರೆದ ಡಬ್ಬಿಯಲ್ಲಿ ಜಿಂಕೆ ಮಾಂಸ ಕೊಟ್ಟರು, ಹೊಡೆದವರು ಹೊಡೆಯದವರು ಎಂಬ ಭೇದವಿಲ್ಲದೆ. ಮಾವ ಕೈಮುಗಿದು, ತಮ್ಮದು ತಾಗಲಿಲ್ಲ, ಬೇಡ ಎಂದರು. ಕೂಟದವರು ಒತ್ತಾಯಿಸಿದರು. ಮುರಾದ್ ಮಾತ್ರ ಸುಮ್ಮನೆ ಡಬ್ಬಿಯನ್ನು ಹಿಂದೆ ತೆಗೆದುಕೊಂಡು, ಮಾವನ ಕೈ ಕುಲುಕಿ, ಮುಂದಿನ ಚಳಿಗಾಲಕ್ಕೆ ಬನ್ನಿ ಭಾಯಿಜಾನ್ ಎಂದರು. ಶಿಕ್ಷಕಿ ತಮ್ಮ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ವ್ಯಾನಿನಲ್ಲಿ ಮಗಳಿಗೆ ಫೋನ್ ಮಾಡಿ ಬೇಟೆಯ ಕಥೆ ಹೇಳುತ್ತಿದ್ದರು. ಆಕೆಗೆ ನಾನು ಏನೂ ಹೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಏನೋ, ಗೊತ್ತಿಲ್ಲ.

ನಾಲ್ಕೂವರೆಗೆ ಕರಾಮ ಮುಟ್ಟಿದೆವು. ಅತ್ತೆ ಬೆಳಿಗ್ಗೆಯೇ ಕೊತ್ತಂಬರಿ, ಮೆಣಸು ಹುರಿದು ಮಸಾಲೆ ಕಡೆದಿಟ್ಟಿದ್ದರು. ಬಾಗಿಲಲ್ಲೇ, ಮಾಂಸ ಎಲ್ಲಿ ಎಂದು ಕೇಳಿದರು. "ತಪ್ಪಿತು ಮಾರಾಯ್ತಿ" ಎಂದು ಮಾವ ಒಳಗೆ ಹೋದರು, ಲಾಟರಿ ಹೊಡೆದವರ ದನಿಯಲ್ಲಿ. ಅತ್ತೆ ನನ್ನನ್ನು ನೋಡಿದರು. ನಾನು ಕೆಳಗಿಳಿದು ಒಂದು ಕಿಲೋ ಕೋಳಿ ತಂದೆ.

ನಾನು ಮೇಲೆ ಬರುವಷ್ಟರಲ್ಲಿ ಮಾವ ಊರಿಗೆ, ಸಂಜೀವ ಮಾವನಿಗೆ, ಫೋನ್ ಹಚ್ಚಿದ್ದರು. ಗಾಳಿ ಹೇಗಿತ್ತು, ಬಲಗಡೆಯಿಂದ ಹೇಗೆ ಬಂತು, ಕೊಂಬು ಎಷ್ಟುದ್ದ, ಎಲ್ಲವೂ ಆಯಿತು. ದೂರ ಮೂವತ್ತು ಹೆಜ್ಜೆಯಿತ್ತು ಅಣ್ಣ, ಎಂದರು. ಆಚೆಯಿಂದ ಹಳೆಯ ಗುರಿಕಾರ ಏನೋ ಅನುಮಾನದಿಂದ ಕೇಳಿರಬೇಕು. ಮಾವ ಫೋನನ್ನು ನನ್ನತ್ತ ಚಾಚಿದರು. "ಇವಳು ಅಲ್ಲೇ ಇದ್ದಳು, ಸುಳ್ಳು ಹೇಳುವವಳಲ್ಲ. ಕೇಳು ಬೇಕಾದ್ರೆ."

"ಎಷ್ಟು ದೂರ ಇತ್ತು ಮಗಾ, ಸರಿಯಾಗಿ ಹೇಳು" ಎಂದರು ಸಂಜೀವ ಮಾವ.

ಕೋಳಿಯ ಚೀಲ ಇನ್ನೂ ನನ್ನ ಕೈಯಲ್ಲೇ ಇತ್ತು. ಮಾವ ಕನ್ನಡಕದ ಮೇಲಿನಿಂದ ನನ್ನನ್ನು ನೋಡುತ್ತಿದ್ದರು.

"ಮೂವತ್ತಲ್ಲ ಮಾವ" ಎಂದೆ. "ನಾನೇ ನಡೆದು ಎಣಿಸಿದ್ದೇನೆ. ನಲವತ್ತು."