ಚಾವಣಿಯಲ್ಲಿ ಕಂಡ ಅಂಗಡಿ

ನಮ್ಮ ಭಾವನನ್ನು ಊರಿನಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ‘ಇನ್ನೊಂದ್ಸಲ’ ಎಂದೇ ಕರೆಯುತ್ತಾರೆ. ಮನೆಗಳಲ್ಲಿ ಪ್ರೊಜೆಕ್ಟರ್ ಕೂರಿಸಿ, ಅದಕ್ಕೆ ಕರೆಂಟು, ಚಿತ್ರ, ಧ್ವನಿಯ ವೈರುಗಳನ್ನು ಎಳೆದುಕೊಡುವುದು ಅವರ ಕೆಲಸ. ಎಲ್ಲ ಮುಗಿದು, ಗೋಡೆ ತುಂಬ ಚಿತ್ರ ಬಂದು, ಮನೆಯವರು ಸೋಫಾದ ಮೇಲೆ ಕಾಲು ಚಾಚಿ ಕೂತ ಮೇಲೂ ಅವರು ಏಣಿಯಿಂದ ಇಳಿಯುವುದಿಲ್ಲ. “ಇನ್ನೊಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡ್ಬಿಡೋಣ” ಎನ್ನುತ್ತಾರೆ. ಆ ಏಣಿ ಹಿಡಿದುಕೊಂಡು ಕೆಳಗೆ ನಿಂತಿರುವವಳು ನಾನು, ಅವರ ಹೆಂಡತಿಯ ತಂಗಿ. ನಾನಿದ್ದ ಫೋಟೋ ಸ್ಟುಡಿಯೋ ಬಾಗಿಲು ಹಾಕಿದ ಮೇಲೆ ಭಾವನ ಜೊತೆ ಸೇರಿ ಆರು ವರ್ಷವಾಯಿತು. ಈಗ ನನ್ನ ಕೈಯೂ ಸ್ಕ್ರೂಡ್ರೈವರಿಗೆ ಒಗ್ಗಿಹೋಗಿದೆ.

ಭಾವ ಮೊದಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು. ಊರಿನ ಲೈನುಗಳೆಲ್ಲ ಬಂದು ಸೇರುವ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ನಿಂತು, ಯಾವ ಮನೆಯ ತಂತಿ ಯಾವ ಬಣ್ಣದ್ದು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದರು. ಎಲ್ಲರ ಜೇಬಿಗೂ ಮೊಬೈಲು ಬಂದ ಮೇಲೆ ಆ ಕೋಣೆಗೆ ಬೀಗ ಬಿತ್ತು. ಬೀಗ ಬಿದ್ದ ವಾರದಲ್ಲೇ ಪರಿಚಯದವರೊಬ್ಬರು ಕರೆದು, ಹೊಸ ಪ್ರೊಜೆಕ್ಟರಿನಲ್ಲಿ ಚಿತ್ರವೇ ಬರುತ್ತಿಲ್ಲ, ಗೋಡೆ ಒಡೆಸಬೇಕಾಗುತ್ತೇನೋ ಎಂದು ಗೋಳಾಡಿದರು. ಭಾವ ಹೋಗಿ ನೋಡಿದರೆ ಗೋಡೆಯೊಳಗೆ ಎಳೆದಿದ್ದ ಉದ್ದದ ವೈರು ತಿರುಗುಮುರುಗಾಗಿತ್ತು. ಆ ಜಾತಿಯ ವೈರಿಗೆ ಎರಡು ತುದಿಯೂ ನೋಡಲು ಒಂದೇ ಥರ, ಆದರೆ ಒಂದು ತುದಿ ಚಿತ್ರ ಕೊಡುವ ಪೆಟ್ಟಿಗೆಗೆ, ಇನ್ನೊಂದು ಪ್ರೊಜೆಕ್ಟರಿಗೆ. ಹಳೆಯ ವೈರಿನ ಬಾಲಕ್ಕೇ ಹೊಸದನ್ನು ಕಟ್ಟಿ ಎಳೆದು, ಗೋಡೆಗೆ ಒಂದು ಗೀರೂ ಬೀಳದ ಹಾಗೆ ಮುಗಿಸಿದರು. ಅಲ್ಲಿಂದ ಈ ಕಸುಬು ಅವರ ಬೆನ್ನು ಬಿಡಲಿಲ್ಲ.

ಎರಡು ವರ್ಷದ ಹಿಂದೆ ಟೈಲರಮ್ಮನ ಮಗ ನಮ್ಮನ್ನು ಹುಡುಕಿಕೊಂಡು ಬಂದ. ಟೈಲರಮ್ಮ ಎಂದರೆ ಮುಖ್ಯ ರಸ್ತೆಗೆ ಬೆನ್ನು ಮಾಡಿದ ಗಲ್ಲಿಯಲ್ಲಿ ಮೂವತ್ತೆಂಟು ವರ್ಷ ಹೊಲಿಗೆ ಅಂಗಡಿ ನಡೆಸಿದ ಹೆಂಗಸು. ಅರ್ಧ ಊರಿನ ಶಾಲಾ ಸಮವಸ್ತ್ರ, ಗಂಡಸರ ಕೋಟು ಎಲ್ಲ ಅವರ ಕತ್ತರಿಯಿಂದ ಬಂದದ್ದು. ಅಂಗಡಿಯ ಮೆಟ್ಟಿಲಿನಲ್ಲಿ ಜಾರಿ ಬಿದ್ದು ಬೆನ್ನುಮೂಳೆ ಮುರಿದುಕೊಂಡು ಹನ್ನೊಂದು ತಿಂಗಳಾಗಿತ್ತು. ಕುತ್ತಿಗೆಗೆ ಪಟ್ಟಿ. ಅಂಗಾತ ಮಲಗಿದ್ದು ಬಿಟ್ಟರೆ ಗತಿಯಿಲ್ಲ. ಬಲಗೈಯ ಎರಡು ಬೆರಳು ಮಾತ್ರ ಹೇಳಿದ ಮಾತು ಕೇಳುತ್ತಿದ್ದವು.

“ಟೀವಿ ಎಲ್ಲಿಟ್ರೂ ಅಮ್ಮಂಗೆ ಕಾಣಲ್ಲ. ನಾನು ಕೆಲಸ ಮಾಡೋ ಪ್ರೆಸ್ಸಲ್ಲಿ ಜೊತೆಗಿರೋರ ಹತ್ರ ಹಳೇ ಪ್ರೊಜೆಕ್ಟರ್ ಸಿಕ್ತು. ಅದನ್ನ ಮೇಲಕ್ಕೆ ತಿರುಗಿಸ್ಬಹುದಾ?” ಎಂದು ಮಗ ಕೇಳಿದ.

ನಾವು ಹೋದೆವು. ಮುಂದೆ ಅಂಗಡಿ, ನಡುವೆ ಹದಿನೈದು ಹೆಜ್ಜೆಯ ಓಣಿಯಂಥ ನಡುಮನೆ, ಹಿಂದೆ ಕಿಟಕಿಯಿಲ್ಲದ ಕೋಣೆ. ಅಲ್ಲಿ ಮಂಚ. ಟೈಲರಮ್ಮ ನಮ್ಮ ಕಡೆ ಕಣ್ಣಷ್ಟೇ ಹೊರಳಿಸಿ, “ಬನ್ನಿ. ಈ ಚಾವಣೀಲಿ ಎಷ್ಟು ಬಿರುಕಿದೆ ಅಂತ ಕೇಳಿ, ಹೇಳ್ತೀನಿ. ಆ ಮೂಲೇದು ನೋಡಿ, ಥೇಟು ನಮ್ಮತ್ತೆ ಮೂಗು. ಸತ್ತು ಇಪ್ಪತ್ತು ವರ್ಷ ಆದ್ರೂ ನನ್ನೇ ನೋಡ್ತಾ ಇದಾರೆ” ಎಂದರು.

ಭಾವ ಚಾವಣಿ ನೋಡಲಿಲ್ಲ, ಮಂಚದ ಕೆಳಗೆ ಬಗ್ಗಿದರು. ಗಾಳಿ ತುಂಬಿದ ಹಾಸಿಗೆಯ ಪಂಪು, ದೀಪ, ಟೇಬಲ್ ಫ್ಯಾನು, ಮೂರೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಜೋತುಬಿದ್ದಿದ್ದವು. ಬೋರ್ಡು ಮುಟ್ಟಿದರೆ ಬೆಚ್ಚಗಿತ್ತು.

“ಇದಕ್ಕೆ ಪ್ರೊಜೆಕ್ಟರ್ ಹಾಕಲ್ಲ,” ಎಂದರು.

“ಒಂದು ಪ್ಲಗ್ಗಿಗೇನು ಸಾರ್?” ಎಂದ ಮಗ.

“ಬೋರ್ಡು ಸುಟ್ರೆ ಹಾಸಿಗೆ ಪಂಪು ನಿಲ್ಲುತ್ತೆ. ಪಂಪು ನಿಂತ್ರೆ ಬೆನ್ನಲ್ಲಿ ಹುಣ್ಣಾಗುತ್ತೆ. ಅಮ್ಮನ ಬೆನ್ನು ಸುಟ್ಟು ಸಿನಿಮಾ ತೋರಿಸ್ತೀರಾ?”

ಮೀಟರಿನಿಂದ ಅರ್ಥಿಂಗ್ ಸಮೇತ ಬೇರೆ ಲೈನು ಎಳೆಯಲು ಒಂದು ದಿನ ಹೋಯಿತು. ಕರೆಂಟಿನ ವೈರು ಒಂದು ಗೋಡೆಯ ಮೇಲೆ, ಚಿತ್ರದ ವೈರು ಎದುರು ಗೋಡೆಯ ಮೇಲೆ. ಮಾರನೆಯ ದಿನ ಸೀಲಿಂಗ್ ಫ್ಯಾನು ಇಳಿಸಿ ಗೋಡೆಗೆ ಬೇರೆ ಫ್ಯಾನು ಹಾಕಿದೆವು, ಚಾವಣಿಗೆ ನಾನೇ ಎರಡು ಕೈ ಬಿಳಿ ಬಣ್ಣ ಬಳಿದೆ. ಅತ್ತೆಯ ಮೂಗು ಮರೆಯಾಯಿತು. ಪ್ರೊಜೆಕ್ಟರನ್ನು ಮಂಚದ ಕಾಲ ಬಳಿ ಗಿಡ್ಡ ಸ್ಟ್ಯಾಂಡಿನ ಮೇಲೆ ಮುಖ ಮೇಲಕ್ಕೆ ಮಾಡಿ ಕೂರಿಸಿ, ಸೆಟ್‌ಟಾಪ್ ಪೆಟ್ಟಿಗೆ ಜೋಡಿಸಿ ಆನ್ ಮಾಡಿದಾಗ ಚಿತ್ರ ತಲೆಕೆಳಗಾಗಿ ಬಂತು. ಭಾವ ಸೆಟ್ಟಿಂಗಿನಲ್ಲಿ ಅದನ್ನು ತಿರುಗಿಸಿದರು. ಆಮೇಲೆ ಮಂಚದ ಪಕ್ಕದ ನೆಲದ ಮೇಲೆ ತಾವೇ ಅಂಗಾತ ಮಲಗಿ ನೋಡಿ, ಸ್ಟ್ಯಾಂಡನ್ನು ಒಂದು ಬೆರಳಿನಷ್ಟು ಸರಿಸಿದರು.

“ಇನ್ನೊಂದ್ಸಲ ಆಫ್ ಮಾಡಿ ನೋಡ್ಬಿಡೋಣ.”

ಚಾವಣಿಯ ಮೇಲೆ ಯಾವುದೋ ಧಾರಾವಾಹಿಯ ಅತ್ತೆ ಸೊಸೆ ಜಗಳಕ್ಕೆ ನಿಂತಿದ್ದರು. ಟೈಲರಮ್ಮ ಅದನ್ನು ಬೀಗರ ಮನೆಗೆ ಬಂದವರ ಹಾಗೆ ಮರ್ಯಾದೆಯಿಂದ ನೋಡಿ, “ಚೆನ್ನಾಗಿದೆ” ಎಂದರು.

ವಾರ ಕಳೆಯುವುದರೊಳಗೆ ಮಗನ ಫೋನು ಬಂತು. ಚಿತ್ರ ಕೆಟ್ಟಿದೆಯಂತೆ, ಅಮ್ಮ ಆಫ್ ಮಾಡಿ ಎನ್ನುತ್ತಾರಂತೆ. ಹೋಗಿ ನೋಡಿದರೆ ಎಲ್ಲ ಸರಿಯಿತ್ತು. ಪ್ರೊಜೆಕ್ಟರಿನ ಇನ್ನೊಂದು ಇನ್‌ಪುಟ್ಟನ್ನೂ ನೋಡೋಣ ಎಂದು ಭಾವ, ಫಾಲ್ಸ್ ಸೀಲಿಂಗಿನ ಸಂದಿಗಳನ್ನು ನೋಡಲು ಇಟ್ಟುಕೊಂಡಿದ್ದ ಪುಟ್ಟ ಕ್ಯಾಮೆರಾವನ್ನು ಉದ್ದದ ವೈರಿಗೆ ಸಿಕ್ಕಿಸಿ ನನ್ನ ಕೈಗೆ ಕೊಟ್ಟರು. “ವೈರು ಎಲ್ಲಿವರೆಗೆ ಹೋಗುತ್ತೋ ಅಲ್ಲಿವರೆಗೆ ನಡೀತಾ ಹೋಗು, ಮಧ್ಯ ಎಲ್ಲಾದ್ರೂ ಚಿತ್ರ ಕಟ್ಟಾಗುತ್ತಾ ನೋಡ್ತೀನಿ.”

ನಾನು ನಡುಮನೆ ದಾಟಿ ಅಂಗಡಿಯೊಳಗೆ ಕಾಲಿಟ್ಟೆ. ಈಗ ಅಂಗಡಿ ನೋಡಿಕೊಳ್ಳುವ ಟೈಲರಮ್ಮನ ಸೊಸೆ ಮೇಜಿನ ಮೇಲೆ ಬಟ್ಟೆ ಹರಡಿ ಕತ್ತರಿ ಹಿಡಿದಿದ್ದಳು. ನನ್ನ ಕೈಯ ಕ್ಯಾಮೆರಾ ಆ ಕಡೆಗೆ ತಿರುಗಿತ್ತು. ಇದ್ದಕ್ಕಿದ್ದಂತೆ ಹಿಂದಿನ ಕೋಣೆಯಿಂದ ಒಂದು ಕೂಗು ಬಂತು.

“ಏಯ್, ನಿಲ್ಸೇ! ಬಟ್ಟೆ ಅಡ್ಡ ಹಾಕಿದೀಯ! ಒಂದು ಸಲ ಒಗೆದ್ರೆ ಮೊಣಕೈಗೆ ಬರುತ್ತೆ ತೋಳು!”

ಸೊಸೆಯ ಕೈಯಿಂದ ಕತ್ತರಿ ಕೆಳಗೆ ಬಿತ್ತು. ಹನ್ನೊಂದು ತಿಂಗಳಲ್ಲಿ ಆ ಕೋಣೆಯಿಂದ ಅಷ್ಟು ದೊಡ್ಡ ದನಿ ಬಂದಿರಲಿಲ್ಲವಂತೆ. ಮಗನ ಕಣ್ಣಲ್ಲಿ ನೀರಾಡಿತು. “ಸಾರ್, ಇದನ್ನೇ ಪರ್ಮನೆಂಟ್ ಮಾಡ್ಕೊಡಿ” ಎಂದ. ನಾವು ಹೊಸ ಕ್ಯಾಮೆರಾ ತಂದು ಮೇಜಿನ ನೆತ್ತಿಗೆ ಸರಿಯಾಗಿ ಕೂರಿಸಿದೆವು. ವೈರು ಎಲ್ಲೂ ಕಾಣದ ಹಾಗೆ ಪ್ಲಾಸ್ಟಿಕ್ ಪಟ್ಟಿಯೊಳಗೆ ಓಡಿಸಿದೆವು. ಮಂಚದಿಂದ ಮೇಲೆ ನೋಡಿದರೆ ಇಡೀ ಅಂಗಡಿ ಚಾವಣಿಯಲ್ಲಿ ಮಲಗಿದ ಹಾಗಿತ್ತು: ಬಟ್ಟೆ, ಸೀಮೆಸುಣ್ಣ, ಟೇಪು, ಎರಡು ಕೈ. ನಮ್ಮ ಕೆಲಸ ನೋಡಿ ನಾವೇ ಬೀಗಿದೆವು. ಆ ಎರಡು ಕೈಯವಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮೂರು ವಾರದ ಮೇಲೆ ಒಂದು ಮಧ್ಯಾಹ್ನ ಸೊಸೆ ನಮ್ಮ ಮನೆ ಬಾಗಿಲಿಗೆ ಬಂದಳು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

“ಅಣ್ಣಾ, ಆ ವೈರು ಒಂಚೂರು ಕಿತ್ತೋಗೋ ಹಾಗೆ ಮಾಡ್ಬಿಡಿ. ಕೆಟ್ಟೋಗಿದೆ, ರಿಪೇರಿ ಆಗಲ್ಲ ಅಂತ ಹೇಳ್ಬಿಡಿ.”

“ಯಾಕಮ್ಮಾ?”

“ಬೆಳಿಗ್ಗೆಯಿಂದ ಅಂಗಡಿ ಮುಚ್ಚೋವರೆಗೂ ನೆತ್ತಿ ಮೇಲೆ ಒಂದು ಕಣ್ಣು. ಮೂಗು ಕೆರ್ಕೊಳ್ಳೋಕೂ ಹಿಂದೆಮುಂದೆ ನೋಡ್ಬೇಕು. ಅವರು ಬೈದ್ರೂ ತಡ್ಕೋತೀನಿ. ಬೈಯದೆ ಸುಮ್ನಿದ್ದಾಗ್ಲೇ ಕತ್ತರಿ ಎಲ್ಲೆಲ್ಲೋ ಹೋಗೋದು, ಎಲ್ಲಿ ತಪ್ಪು ಮಾಡ್ದೆ ಅಂತ. ನಿನ್ನೆ ಗಿರಾಕಿ ಕೋಟಿನ ತೋಳು ಎರಡು ಇಂಚು ಗಿಡ್ಡ ಕತ್ತರಿಸಿದೆ.” ಹೊರಡಲು ತಿರುಗಿದವಳು ಹೇಳಿದಳು: “ಅವರ ಮೇಲೆ ಸಿಟ್ಟಿಲ್ಲ ಅಣ್ಣಾ. ಅವರಿಗೆ ಅದೊಂದೇ ಬೆಳಕು ಅಂತ ನಂಗೂ ಗೊತ್ತು.”

ಅವಳು ಹೋದ ಮೇಲೆ ಭಾವ ತಟ್ಟೆ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದರು. ಚೆನ್ನಾಗಿರುವ ವೈರನ್ನು ಕೆಟ್ಟಿದೆ ಎಂದು ಅವರು ಯಾರಿಗೂ ಹೇಳಿದವರಲ್ಲ. ಅಕ್ಕ, “ಉಣ್ರೀ, ಆರೋಯ್ತು” ಎಂದಳು. ಆಗ ಅವರು ತಲೆ ಎತ್ತದೆ ಒಂದು ಮಾತು ಹೇಳಿದರು.

“ಎಕ್ಸ್‌ಚೇಂಜಲ್ಲಿದ್ದಾಗ ಒಂದೇ ಒಂದು ಸಲ ನಮ್ಮನೆ ಲೈನಿಗೆ ಕಿವಿ ಕೊಟ್ಟಿದ್ದೆ. ಟೆಸ್ಟ್ ಮಾಡ್ತಾ ಇದ್ದೆ, ನಿನ್ನ ದನಿ ಕೇಳ್ತು, ಲೈನಿಗೆ ಹಾಕಿದ್ದ ಕ್ಲಿಪ್ಪು ತೆಗೀಲಿಲ್ಲ. ನೀನು ನಿಮ್ಮಮ್ಮನ ಹತ್ರ ಮಾತಾಡ್ತಿದ್ದೆ. ಈ ಮನುಷ್ಯನ ಜೊತೆ ಒಂದೊಂದು ದಿನ ಉಸಿರು ಕಟ್ಟುತ್ತೆ, ಹೇಳಿದ್ದೇ ಹೇಳ್ತಾರೆ ಅಂದೆ ನೀನು. ನಾನು ಎರಡು ನಿಮಿಷ ಕೇಳಿದೆ. ಆಮೇಲೆ ಬಿಟ್ಟೆ.”

ಅಕ್ಕ ಸೌಟನ್ನು ಪಾತ್ರೆಗೆ ಇಳಿಸಿದಳು. “ಯಾವಾಗ?”

“ಇಪ್ಪತ್ತು ವರ್ಷ ಆಗಿರ್ಬೇಕು. ಹಳೇ ಮಾತು ಬಿಡು.”

“ನೀವು ಕೇಳಿಸ್ಕೊಂಡು ಇಪ್ಪತ್ತು ವರ್ಷ ಆಯ್ತು. ನಂಗೆ ಗೊತ್ತಾಗಿದ್ದು ಇವತ್ತು,” ಎಂದು ಅಕ್ಕ ಒಳಗೆ ಹೋದಳು.

ಎರಡು ದಿನ ಅವಳು ಬೇಕಾದಷ್ಟೇ ಮಾತಾಡಿದಳು. ಬೈಯಲಿಲ್ಲ, ಅಳಲಿಲ್ಲ. ಫೋನು ಬಂದರೆ ಅದನ್ನೆತ್ತಿಕೊಂಡು ಹಿತ್ತಿಲಿಗೆ ಹೋಗುತ್ತಿದ್ದಳು. ಅದನ್ನು ನೋಡಿ ಭಾವನ ಮುಖ ಸಣ್ಣದಾಯಿತು. ಮೂರನೆಯ ದಿನ ಬೆಳಿಗ್ಗೆ ಅಕ್ಕ ಎಂದಿನಂತೆ ಬುತ್ತಿ ಕಟ್ಟಿ ಕೈಗೆ ಕೊಟ್ಟು, “ಇನ್ನೂ ಏನಾದ್ರೂ ಕೇಳಿಸ್ಕೊಂಡಿದ್ರೆ ಈಗ್ಲೇ ಹೇಳ್ಬಿಡಿ, ಒಟ್ಟಿಗೆ ಸಿಟ್ಟು ಮಾಡ್ಕೋತೀನಿ” ಎಂದಳು. ಭಾವ ಇಲ್ಲವೆಂದು ತಲೆಯಾಡಿಸಿದರು. ಅಲ್ಲಿಂದ ಸೀದಾ ಟೈಲರಮ್ಮನ ಮನೆಗೆ ಹೊರಟರು. ನಾನು ಏಣಿ ತೆಗೆದುಕೊಂಡೆ. ಅವರ ಜೇಬಿನಲ್ಲಿ ಒಂದು ಸಣ್ಣ ಸ್ವಿಚ್ಚು, ಒಂದು ದೀಪ ಮಾತ್ರ ಇದ್ದವು.

“ಅಮ್ಮಾ, ನನ್ನಿಂದ ಒಂದು ತಪ್ಪಾಗಿದೆ,” ಎಂದು ಭಾವ ಮಂಚದ ಪಕ್ಕ ನಿಂತರು. “ವೈರು ಹಾಕೋವಾಗ ಈ ಕಡೆ ನಿಮ್ಮನ್ನ ಕೇಳ್ದೆ, ಆ ಕಡೆ ಇರೋರನ್ನ ಕೇಳ್ಲೇ ಇಲ್ಲ. ಅಂಗಡೀಲಿ ಒಂದು ಸ್ವಿಚ್ಚು ಹಾಕ್ತೀನಿ. ಸೊಸೆ ಒತ್ತಿದಾಗ ನಿಮಗೆ ಕಾಣುತ್ತೆ, ಬೇಡ ಅಂದಾಗ ಇಲ್ಲ.”

“ಅವಳು ಹೇಳಿದ್ಲಾ?”

ಭಾವ ಸುಳ್ಳು ಹೇಳಲಿಲ್ಲ. “ಹೇಳಿದ್ರು. ಅವರು ಹೇಳೋಕೆ ಮುಂಚೆ ನನಗೆ ಹೊಳೀಬೇಕಿತ್ತು.”

“ಅದು ನನ್ನ ಅಂಗಡಿ,” ಎಂದರು ಟೈಲರಮ್ಮ. “ಆ ಮೇಜು ನಾನು ಮಾಡಿಸಿದ್ದು.”

“ಹೌದಮ್ಮ. ಕೈ ಮಾತ್ರ ಅವರ್ದು.”

ಸಿಟ್ಟು ಬಂದರೆ ಬೇರೆಯವರು ಮುಖ ತಿರುಗಿಸುತ್ತಾರೆ. ಆಕೆಗೆ ಅಷ್ಟೂ ಸಾಧ್ಯವಿರಲಿಲ್ಲ. ಕಣ್ಣು ಮುಚ್ಚಿಕೊಂಡರು. ಹೋಗಿಬರುತ್ತೇವೆ ಎಂದರೂ ತೆರೆಯಲಿಲ್ಲ. ಭಾವ ಸ್ವಿಚ್ಚು ಹಾಕಿದರು, ಕ್ಯಾಮೆರಾ ನೋಡುತ್ತಿದೆ ಎಂದು ಗೊತ್ತಾಗಲು ಪಕ್ಕದಲ್ಲೊಂದು ಪುಟ್ಟ ಕೆಂಪು ದೀಪವನ್ನೂ ಇಟ್ಟರು.

ಮುಂದಿನದನ್ನು ಮಗ ಹೇಳಿದ. ಒಂಬತ್ತು ದಿನ ಆ ಸ್ವಿಚ್ಚನ್ನು ಯಾರೂ ಒತ್ತಲಿಲ್ಲ. ಅಂಗಡಿ ತೋರಿಸು ಎಂದು ಅತ್ತೆ ಕೇಳಲಿಲ್ಲ, ಧಾರಾವಾಹಿಯೂ ಬೇಡವೆಂದರು, ಬರೀ ಬಿಳಿ ಚಾವಣಿ ನೋಡುತ್ತ ಮಲಗಿದರು. ಸೊಸೆ ಎಂದಿನಂತೆ ಊಟ ತಿನ್ನಿಸಿದಳು, ಮೈ ಒರೆಸಿದಳು. ಇಬ್ಬರೂ ಬಿಗಿದುಕೊಂಡೇ ಇದ್ದರು. ಹತ್ತನೆಯ ದಿನ ಕೋಟಿನ ಕಾಲರು ಎಷ್ಟು ಸಲ ಬಿಚ್ಚಿ ಹೊಲಿದರೂ ಮಲಗದೆ ಸೆಟೆದು ನಿಂತಾಗ ಸೊಸೆ ತಾನೇ ಸ್ವಿಚ್ಚು ಒತ್ತಿ ಕೂಗಿದಳು, “ಅತ್ತೆ, ಇದು ನನ್ನ ಮಾತು ಕೇಳ್ತಿಲ್ಲ. ಏನ್ಮಾಡ್ಲಿ?”

ಹಿಂದಿನ ಕೋಣೆಯಿಂದ ದನಿ ಬಂತು. “ಕ್ಯಾಮೆರಾ ಹತ್ರ ಹಿಡಿ. ಒಳಗಿನ ಬಟ್ಟೆ ಒಂದು ದಾರದಷ್ಟು ಚಿಕ್ಕದಾಗಿ ಕತ್ತರಿಸ್ಬೇಕು, ಅದು ಹೊರಗಿನದನ್ನ ಎಳ್ಕೊಳ್ಳುತ್ತೆ.”

ಅದಾಗಿ ತಿಂಗಳಿಗೆ ಟೈಲರಮ್ಮನೇ ನಮ್ಮನ್ನು ಕರೆಸಿದರು. “ಅವಳಿಗೆ ಸ್ವಿಚ್ಚು ಕೊಟ್ರಿ. ನನಗೆಲ್ಲಿ?”

“ನಿಮಗ್ಯಾಕಮ್ಮಾ?”

“ದಿನಕ್ಕೆ ಹತ್ತು ಸಲ ಅತ್ತೆ ಇದು, ಅತ್ತೆ ಅದು! ನಾನೇನು ಅವಳ ಸಂಬಳದಾಳಾ? ನಂಗೂ ನಿದ್ದೆ ಬರುತ್ತೆ, ನಂಗೂ ಬೇಜಾರಾಗುತ್ತೆ. ನಾನು ಬೇಡ ಅಂದ್ರೆ ಬೇಡ ಆಗ್ಬೇಕು.”

ಭಾವ ಬಿದ್ದು ಬಿದ್ದು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ. ಕ್ಯಾಮೆರಾಕ್ಕೆ ಹೋಗುವ ಹನ್ನೆರಡು ವೋಲ್ಟಿನ ಸಣ್ಣ ವೈರನ್ನು ಕೋಣೆವರೆಗೆ ಎಳೆದು, ಆಕೆಯ ಎರಡು ಬೆರಳಿನ ಅಡಿಗೆ ಒಂದು ಮೆತ್ತನೆಯ ಗುಂಡಿ ಇಟ್ಟರು. ಈಗ ಇಬ್ಬರೂ ಹೂಂ ಅಂದರೆ ಮಾತ್ರ ಚಾವಣಿಯಲ್ಲಿ ಅಂಗಡಿ ಕಾಣುತ್ತದೆ. ಒಂದೊಂದು ದಿನ ಇಬ್ಬರ ಮುನಿಸಿನಲ್ಲಿ ಇಡೀ ದಿನ ಕತ್ತಲು. ಒಂದೊಂದು ದಿನ ಬೆಳಗಿನಿಂದ ಸಂಜೆವರೆಗೂ ಆರುವುದೇ ಇಲ್ಲ.

ಹೋದ ತಿಂಗಳು ಪ್ರೊಜೆಕ್ಟರಿನ ಧೂಳು ತಡೆಯುವ ಜಾಳಿಗೆ ತೊಳೆಯಲು ಹೋಗಿದ್ದೆವು. ಅದಕ್ಕೆ ಮೊದಲು ಯಂತ್ರ ಆಫ್ ಮಾಡಬೇಕು, ಒಳಗಿನ ಫ್ಯಾನು ತಿರುಗಿ ತಣ್ಣಗಾದ ಮೇಲೆ ಕರೆಂಟು ತೆಗೆಯಬೇಕು. ಭಾವ ರಿಮೋಟಿಗೆ ಕೈ ಹಾಕಿದರು.

“ಶ್... ಮುಟ್ಬೇಡಿ,” ಎಂದರು ಟೈಲರಮ್ಮ, ಕಣ್ಣು ಚಾವಣಿಯಿಂದ ಕೀಳದೆ. “ತೋಳು ಕೂಡಿಸ್ತಾ ಇದಾಳೆ.”

ಮೇಲೆ ಬೂದು ಬಣ್ಣದ ಕೋಟು ಹರಡಿತ್ತು. ಸೊಸೆಯ ಬೆರಳುಗಳು ಭುಜದ ಸುತ್ತ ಒಂದೊಂದೇ ಗುಂಡುಸೂಜಿ ಚುಚ್ಚುತ್ತ ಹೋಗುತ್ತಿದ್ದವು.

“ಹಿಂದಗಡೆ ಸುಕ್ಕು ಬೀಳುತ್ತೆ ಅದು,” ಎಂದು ಪಿಸುಗುಟ್ಟಿದರು.

“ಹೇಳ್ಬಾರ್ದಾ ಮತ್ತೆ?” ಎಂದೆ ನಾನೂ ಪಿಸುಮಾತಿನಲ್ಲಿ.

“ಅವಳು ಕೇಳ್ಲಿಲ್ವಲ್ಲ. ಇರಿ, ಅವಳಿಗೇ ಕಾಣುತ್ತಾ ನೋಡೋಣ.”

ಭಾವ ರಿಮೋಟು ಕೆಳಗಿಟ್ಟರು. ಕೂರಲು ಬೇರೆ ಜಾಗವಿರಲಿಲ್ಲ, ಇಬ್ಬರೂ ಗೋಡೆಗೊರಗಿ ನೆಲದ ಮೇಲೆ ಕೂತು ಕತ್ತೆತ್ತಿದೆವು. ಸೊಸೆಯ ಕೈ ಒಮ್ಮೆ ನಿಂತಿತು, ಹಿಂದಿನ ಎರಡು ಸೂಜಿಗಳನ್ನು ಕಿತ್ತಿತು, ಬಟ್ಟೆಯನ್ನು ಕೂದಲೆಳೆಯಷ್ಟು ಒಳಗೆ ತಳ್ಳಿ ಮತ್ತೆ ಚುಚ್ಚಿತು. ಟೈಲರಮ್ಮ ಉಸಿರು ಬಿಟ್ಟದ್ದು ನಮಗೆ ಕೇಳಿಸಿತು. ಮುಕ್ಕಾಲು ಗಂಟೆಯ ಮೇಲೆ ಎರಡೂ ತೋಳು ಕೂತವು. ಆಮೇಲೆ ನಾವು ಜಾಳಿಗೆ ತೊಳೆದೆವು.