ನುಣುಪು ಕೈಯ ಜೇಡ

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಬಾಟಲಿ ಅಕ್ಕ ಪ್ರಯೋಗಾಲಯದ ಸಿಂಕಿನಲ್ಲಿ ಸೀಸೆಗಳನ್ನು ತೊಳೆಯುತ್ತಿದ್ದರು. ನಾನು ಅವರ ಹಿಂದೆಯೇ ಕುಳಿತು, ನಾನೇ ಕಂಡುಹಿಡಿದ ಜೇಡದ ಜಾತಿಗೊಂದು ಹೆಸರು ಹುಡುಕುತ್ತಿದ್ದೆ. ಹನ್ನೆರಡಕ್ಕೆ ವಿಭಾಗದ ಸಭೆ. ಒಪ್ಪಿಗೆ ಸಿಕ್ಕರೆ ಲೇಖನ ಅಚ್ಚಿಗೆ, ನನ್ನ ತಾತ್ಕಾಲಿಕ ಕೆಲಸ ಇನ್ನೆರಡು ವರ್ಷಕ್ಕೆ.

ಅಕ್ಕ ಆ ಸಿಂಕಿನ ಮುಂದೆ ನಿಂತು ಇಪ್ಪತ್ತಾರು ವರ್ಷ. ಓದಿದ್ದು ಏಳನೆಯ ತರಗತಿ. ನಾನು ಓದಿದ್ದನ್ನು ಹೇಳುವುದಿಲ್ಲ. ಮುಂದಿನದನ್ನು ಕೇಳಿದ ಮೇಲೆ ನೀವು ನಂಬುವುದಿಲ್ಲ.

ನನ್ನ ಜೇಡಗಳು ಬಲೆ ಕಟ್ಟುವವಲ್ಲ. ತರಗೆಲೆ, ಕಲ್ಲುಗಳ ಅಡಿಯಲ್ಲಿ ಅಲೆದು ಬೇಟೆಯಾಡುವ, ಅಕ್ಕಿಕಾಳಿನಷ್ಟು ಉದ್ದದ ಬೂದು ಜೀವಗಳು. ಹೊಟ್ಟೆಯ ತುದಿಯಲ್ಲಿ ನೂಲಿನ ಎರಡು ಕೊಳವೆಗಳು ಬಿಡಿಬಿಡಿಯಾಗಿ ಚಾಚಿದ್ದರೆ ಅದು ಇವುಗಳ ಕುಟುಂಬ. ಅದರೊಳಗೆ ಯಾರು ಯಾರೆಂದು ತಿಳಿಯಲು ಗಂಡಿನ ಬಾಯಿಯ ಪಕ್ಕದ ಪುಟ್ಟ ಕೈಗಳನ್ನು ನೋಡಬೇಕು. ಅವುಗಳ ತುದಿ ಉಬ್ಬಿರುತ್ತದೆ. ಉಬ್ಬಿನ ಮೇಲೆ ಜಾತಿಗೊಂದು ಬಗೆಯ ಕೊಕ್ಕೆ. ನನ್ನ ಜಾತಿಗೆ ಉಬ್ಬಿತ್ತು, ಕೊಕ್ಕೆ ಇರಲಿಲ್ಲ. ಆ ನುಣುಪಿನ ಮೇಲೆಯೇ ಹನ್ನೊಂದು ಪುಟ ಬರೆದಿದ್ದೆ.

"ಏನ್ ಸಾರ್, ಮಗೂಗೆ ಹೆಸರು ಸಿಕ್ತಾ?" ಎನ್ನುತ್ತಾ ಅಕ್ಕ ನಾನು ಬರೆದಿದ್ದ ಜೇಡದ ಚಿತ್ರದತ್ತ ಬಗ್ಗಿದರು. "ಅಯ್ಯೋ, ಇದಾ? ಇದಿನ್ನೂ ಹುಡುಗ ಸಾರ್. ಇನ್ನೊಂದ್ಸಲ ಪೊರೆ ಬಿಡ್ಲಿ, ಕೊಕ್ಕೆ ಬರುತ್ತೆ."

ನಾನು ನಕ್ಕೆ. ಅವರು ನಗಲಿಲ್ಲ. ಸಿಂಕಿನ ಕೆಳಗಿನಿಂದ ಒಂದು ಸೀಸೆ ತಂದಿಟ್ಟರು. ಒಳಗೆ ಒದ್ದೆ ಹತ್ತಿ, ಕೊಕ್ಕೆಯಿರುವ ಜೇಡ. ಎಲ್ಲ ಕೈಪಿಡಿಗಳಲ್ಲೂ ಸಿಗುವ ತೀರಾ ಸಾಮಾನ್ಯ ಜಾತಿ. ಪಕ್ಕದಲ್ಲಿ ಅದು ಕಳಚಿದ ಪೊರೆ. ಪೊರೆಯ ಕೈಯನ್ನು ಸೂಕ್ಷ್ಮದರ್ಶಕದಡಿ ನೋಡಿದೆ. ನುಣುಪು.

"ಮೊದಲೇ ಹೇಳಬಾರದಿತ್ತಾ ಅಕ್ಕಾ?"

"ಹಿಡಿದ ಕೂಡ್ಲೇ ಸ್ಪಿರಿಟ್ಟಿಗೆ ಹಾಕ್ತೀರಿ. ಅದು ದೊಡ್ಡದಾಗೋದ್ಯಾವಾಗ, ನೀವು ನೋಡೋದ್ಯಾವಾಗ? ನೀವು ತರೋ ಎಲೆಕಸದಿಂದ ತಪ್ಪಿಸ್ಕೊಂಡು ಸಿಂಕಿಗೆ ಬಿದ್ದವನ್ನ ನಾನು ಸಾಕಿ, ಹಿತ್ತಲಿಗೆ ಬಿಡ್ತೀನಿ. ಇದೆಲ್ಲ ನೀವು ಓದಿರ್ತೀರಿ ಅಂದ್ಕೊಂಡಿದ್ದೆ."

ಓದಿದ್ದೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಆದರೆ ಕ್ರಮ ತಪ್ಪಬಾರದೆಂದು ಮೂರು ವರ್ಷವೂ ಒಂದೇ ತಿಂಗಳಲ್ಲಿ ಜೇಡ ಹಿಡಿದಿದ್ದೆ. ಆ ತಿಂಗಳಲ್ಲಿ ಗಂಡುಗಳೆಲ್ಲ ಕೊನೆಯ ಪೊರೆಗೆ ಕಾಯುತ್ತಿರುತ್ತವೆ. ಇಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡಲು ಶಿಸ್ತು ಬೇಕು.

ಸೀಸೆ ಹಿಡಿದು, ಅಕ್ಕನನ್ನೂ ಸಭೆಗೆ ಕರೆದೊಯ್ದೆ. ಎಲ್ಲವನ್ನೂ ಹೇಳಿದೆ.

"ಅಲ್ಲಯ್ಯ, ಒಂದೇ ಒಂದು ಜೇಡ ನೋಡಿ ಮೂರು ವರ್ಷದ ಕೆಲಸ ಗುಡಿಸಿ ಹಾಕ್ತೀಯಾ?" ಎಂದರು ಮುಖ್ಯಸ್ಥರು. "ಒಂದರಿಂದ ಏನೂ ಸಾಬೀತಾಗಲ್ಲ. ಕೆಲಸ ಬೇಡ್ವಾ ನಿನಗೆ?"

ಮಾತು ಸರಿಯಾಗಿಯೇ ಇತ್ತು. ಒಂದು ಕ್ಷಣ ಖುಷಿಯೂ ಆಯಿತೆಂದು ಒಪ್ಪಿಕೊಳ್ಳುತ್ತೇನೆ. ಸುಮ್ಮನಿದ್ದಿದ್ದರೆ ಸಾಕಿತ್ತು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು.

"ಅಕ್ಕಾ," ಎಂದೆ, "ಹೀಗೆ ನುಣುಪು ಕೈ ಹೋಗಿ ಕೊಕ್ಕೆ ಬಂದವು ನಿಮ್ಮ ಹತ್ರ ಒಟ್ಟು ಎಷ್ಟು?"

ಅವರು ಸೆರಗಿಗೆ ಕೈ ಒರೆಸಿಕೊಂಡರು.

"ಸತ್ತವನ್ನ ಬಿಟ್ಟು, ಮೂವತ್ತೇಳು."