ಎಡಕ್ಕೆ ವಾಲಿದ ಎಸಳು

ನನ್ನ ಮೇಲೆ ಯಾರ ಪ್ರಭಾವ ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಒಂದು ಸಿದ್ಧ ಉತ್ತರವಿದೆ. 'ಬಾದಾಮಿಯ ಗುಹೆಗಳೇ ನನ್ನ ಗುರುಗಳು.' ಈ ಮಾತಿಗೆ ಬಾಗಲಕೋಟೆಯಲ್ಲೂ ಚಪ್ಪಾಳೆ ಬೀಳುತ್ತದೆ, ಬೆಂಗಳೂರಿನಲ್ಲೂ ಬೀಳುತ್ತದೆ. ಕಲ್ಲಿನಲ್ಲಿ, ಕಂಚಿನಲ್ಲಿ ಮೂವತ್ತು ವರ್ಷ ಮೂರ್ತಿ ಮಾಡಿದವನ ಬಾಯಿಂದ ಜನ ಇಂಥದ್ದನ್ನೇ ಕೇಳಲು ಬರುತ್ತಾರೆ. ಖರೆ ಹೇಳಬೇಕೆಂದರೆ ಚಿಕ್ಕವನಿದ್ದಾಗ ಆ ಗುಹೆಗಳನ್ನು ನಾನು ನೆಟ್ಟಗೆ ನೋಡಿಯೂ ಇರಲಿಲ್ಲ. ಮಂಗಗಳಿಗೆ ಹೆದರಿ ಅರ್ಧ ಮೆಟ್ಟಿಲಿನಿಂದಲೇ ವಾಪಸು ಓಡಿ ಬರುತ್ತಿದ್ದೆ.

ನನಗೆ ಕಲ್ಲು ಕೆತ್ತುವ ಚಾಣ ಹಿಡಿಯಲು ಕಲಿಸಿದವನು ಅಪ್ಪ. ಹಳೆಯ ಗುಡಿಗಳ ದುರಸ್ತಿಯಲ್ಲಿ ಅವನು ದಿನಗೂಲಿಯವನು. ಎಲ್ಲಿ ಕಲ್ಲು ಪುಡಿಯಾಗಿ ಉದುರಿದೆಯೋ ಅಲ್ಲಿಗೆ ಹೊಸ ಕಲ್ಲು ಕಡಿದು ಕೂರಿಸಬೇಕು. ಆ ಕೆಲಸಕ್ಕೆ ಒಂದು ಕಟ್ಟುನಿಟ್ಟಿತ್ತು. ಹೊಸ ಕಲ್ಲು ಬೋಳಾಗಿಯೇ ಇರಬೇಕು. ಅಕ್ಕಪಕ್ಕದ ಕಲ್ಲಿನಲ್ಲಿ ಆನೆ ಇರಲಿ, ಹಂಸ ಇರಲಿ, ಬಳ್ಳಿ ಇರಲಿ, ಹೊಸದರ ಮೇಲೆ ಒಂದು ಗೆರೆಯನ್ನೂ ಎಳೆಯಬಾರದು. ಹಳೆಯದು ಯಾವುದು, ಹೊಸದು ಯಾವುದು ಅಂತ ನೋಡಿದವರಿಗೆ ತಿಳಿಯಬೇಕು. ನಿಯಮ ಸರಿಯಾದದ್ದೇ, ಅದರ ಮೇಲೆ ನನಗೆ ಸಿಟ್ಟಿಲ್ಲ. ಮನೆಯಲ್ಲಿ ಕೈಗೆ ಸಿಕ್ಕ ತುಂಡುಕಲ್ಲಿನಲ್ಲಿ ಗಿಳಿ, ನಂದಿ ಕೆತ್ತಿ ನಮ್ಮ ಕೈಗೆ ಕೊಡುತ್ತಿದ್ದ ಮನುಷ್ಯ ಹೊಟ್ಟೆಪಾಡಿಗೆ ಜೀವಮಾನವಿಡೀ ಬೋಳು ಕಲ್ಲು ಕಡಿದ. ಅದರ ಬಗ್ಗೆ ಅವನು ಯಾವತ್ತೂ ಗೊಣಗಿದ್ದಿಲ್ಲ.

ಅಪ್ಪ ಎಡಚ. ಸುತ್ತಿಗೆ ಎಡಗೈಯಲ್ಲಿ, ಚಾಣ ಬಲಗೈಯಲ್ಲಿ. ಅದಕ್ಕೋ ಏನೋ, ಅವನು ಕೆತ್ತಿದ ಹೂವಿನ ಎಸಳುಗಳ ತುದಿ ಕೂದಲೆಳೆಯಷ್ಟು ಎಡಕ್ಕೆ ವಾಲುತ್ತಿತ್ತು. ಎಸಳು ಅಂದರೆ ಹಾಗೇ ಇರಬೇಕು ಅಂದುಕೊಂಡು ನಾನೂ ನನ್ನ ಬಲಗೈಯಿಂದ ಹಾಗೆಯೇ ಕೆತ್ತಲು ಕಲಿತೆ.

ಚಿತ್ರಕಲಾ ಕಾಲೇಜಿನ ಕೊನೆಯ ವರ್ಷ, ರಜೆಗೆ ಊರಿಗೆ ಬಂದಿದ್ದೆ. ತಲೆಯ ತುಂಬ ಓದಿದ್ದು, ಅದಕ್ಕಿಂತ ಹೆಚ್ಚಾಗಿ ಓದಿದ್ದೇನೆಂಬ ಸೊಕ್ಕು. ಅಪ್ಪ ಆಗ ಮಹಾಕೂಟದ ಆಚೆಗಿನ ಒಂದು ಸಣ್ಣ ಗುಡಿಯಲ್ಲಿ ಕೆಲಸಕ್ಕಿದ್ದ. ಒಂದು ದಿನ ಅವನಿಗೆ ಬುತ್ತಿ ಒಯ್ದೆ. ಮೇಲಿನ ಸಾಹೇಬರು ಕೆಲಸ ನೋಡಲು ಬಂದಿದ್ದರು. ಗುಡಿಯ ಬುಡದ ಸುತ್ತ ತಾವರೆ ಎಸಳಿನ ಸಾಲಿತ್ತು. ಸಾಹೇಬರು ಅದರ ಮುಂದೆಯೇ ನಿಂತು, ಹಳೆಯವರ ಕೈಚಳಕ ಎಂಥದ್ದು ಅಂತ ಹೊಗಳುತ್ತಿದ್ದರು. ನಾನು ಸಾಲು ನೋಡಿದೆ. ನಡುವಿನ ಒಂದು ಕಲ್ಲಿನಲ್ಲಿ ಮೂರು ಎಸಳು ಎಡಕ್ಕೆ ವಾಲಿದ್ದವು.

ಅವು ಯಾರ ಕೈಯವು ಅಂತ ನನಗೆ ಆ ಗಳಿಗೆಯಲ್ಲೇ ತಿಳಿಯಿತು. ತಿಳಿದೇ ಬಾಯಿ ಬಿಟ್ಟೆ.

"ಸರ್, ಈ ಮೂರು ಹಳೆಯವಲ್ಲ. ಹೊಸ ಕಲ್ಲು. ತುದಿ ನೋಡಿ, ಬೇರೆ ಕೈ."

ಸಾಹೇಬರು ಮೊದಲು ನಂಬಲಿಲ್ಲ. ನಾನು ಬಿಡಲಿಲ್ಲ. ಬಗ್ಗಿ, ಬೆರಳಿಟ್ಟು, ಒಂದೊಂದೇ ಎಸಳು ತೋರಿಸಿದೆ. ಅವರು ಯಾವ ಕಲ್ಲು ಹೊಸದು ಅಂತ ಗುರುತು ಹಾಕಿದ್ದ ಕಡತ ತೆಗೆದು ನೋಡಿದರು, ಆಮೇಲೆ ನನ್ನ ಬೆನ್ನು ತಟ್ಟಿದರು. "ಏನು ಕಣ್ಣಪ್ಪಾ ನಿನ್ನದು!" ಅಂದರು. ಅಪ್ಪನ ಕೈ ಅಂತ ಗೊತ್ತಾದರೆ ಅವರು ಮೆಚ್ಚುತ್ತಾರೆ ಅಂದುಕೊಂಡಿದ್ದೆ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಆ ಹೊತ್ತಿಗೆ ನನಗೆ ಬೇಕಾಗಿದ್ದದ್ದು ಬೆನ್ನು ತಟ್ಟಿಸಿಕೊಳ್ಳುವುದು, ಅಷ್ಟೇ.

ಸಾಹೇಬರು ಅಪ್ಪನನ್ನು ಕರೆದರು. ಬೈಯಲಿಲ್ಲ, ಒಳ್ಳೆಯ ಮನುಷ್ಯರು. ಯಾಕೆ ಹೀಗೆ ಮಾಡಿದೆ ಅಂತ ಕೇಳಿದರು.

ಅಪ್ಪ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. "ಸಾಲು ನಡುವ ಹರದಂಗ ಕಾಣತಿತ್ರಿ. ಮನಸ್ಸು ತಡೀಲಿಲ್ಲ. ತಪ್ಪಾತ್ರಿ."

"ತೆಗೆದು ಸಮ ಮಾಡಬೇಕು."

"ಆಗ್ಲಿರಿ ಸಾಹೇಬ್ರ. ನಾನ ತೆಗೀತೇನಿ."

ಅವನೇ ತೆಗೆದ. ಕೆತ್ತಿದ ಚಾಣದಿಂದಲೇ. ಕೆತ್ತಲು ಎಷ್ಟು ದಿನ ಹಿಡಿದಿತ್ತೋ, ತೆಗೆಯಲು ಬುತ್ತಿ ಬಿಚ್ಚುವ ಹೊತ್ತಿನವರೆಗೂ ಬೇಕಾಗಲಿಲ್ಲ. ನಾನು ಬೇವಿನ ನೆರಳಲ್ಲಿ ನಿಂತು ನೋಡಿದೆ. ಕೈ ತೊಳೆದುಕೊಂಡು ಬಂದು ರೊಟ್ಟಿ ಮುರಿಯುತ್ತಾ ಅಪ್ಪ ಕೇಳಿದ:

"ತಮ್ಮಾ, ನಿನಗ ಹೆಂಗ ಗೊತ್ತಾತು?"

"ತುದಿ ಎಡಕ್ಕ ವಾಲ್ಯಾವು, ಅಪ್ಪಾ."

ಅವನು ತನ್ನ ಎಡಗೈಯನ್ನು ಒಮ್ಮೆ ತಿರುವಿ ನೋಡಿಕೊಂಡ. "ಇಷ್ಟ ವರ್ಷ ಕೆತ್ತೇನಿ, ನನಗ ಗೊತ್ತ ಇರಲಿಲ್ಲ ನೋಡು," ಅಂದ. ಸಿಟ್ಟು ಮಾಡಲಿಲ್ಲ. ಎರಡೇಟು ಹಾಕಿದ್ದರೆ ನಾನು ಇವತ್ತು ನೆಮ್ಮದಿಯಿಂದ ಇರುತ್ತಿದ್ದೆ. ಆಮೇಲೆ ಅವನು ಮನೆಯಲ್ಲೂ ಗಿಳಿ ಕೆತ್ತಲಿಲ್ಲ, ನಂದಿ ಕೆತ್ತಲಿಲ್ಲ. ಎದೆಯಲ್ಲಿ ಕಲ್ಲಿನ ಧೂಳು ತುಂಬಿ ಸಾಯುವವರೆಗೆ ಬೋಳು ಕಲ್ಲು ಮಾತ್ರ ಕಡಿದ.

ನನ್ನ ನಸೀಬು ಮಾತ್ರ ಖುಲಾಯಿಸಿತು. ಅದೇ ಸಾಹೇಬರು ಬರೆದುಕೊಟ್ಟ ಕಾಗದ ಹಿಡಿದುಕೊಂಡು ಹೋಗಿ ಕಂಚಿನ ಕೆಲಸ ಕಲಿತೆ. ಮೇಣದಲ್ಲಿ ಮೂರ್ತಿ ಮಾಡಿ, ಮೇಲೆ ಮಣ್ಣು ಮೆತ್ತಿ, ಮೇಣ ಕರಗಿಸಿ ಹೊರಗೆ ಹಾಕಿ, ಆ ಖಾಲಿಗೆ ಕಾಸಿದ ಕಂಚು ಸುರಿಯುವ ಕೆಲಸ. ಆಮೇಲೆ ಇಳಕಲ್ಲಿನಲ್ಲಿ ನೆಲೆ ನಿಂತೆ. ಅಲ್ಲಿಯ ಕೆಂಪು ಗ್ರಾನೈಟಿನಲ್ಲಿ ಶರಣರನ್ನು ಮಾಡಿದೆ, ಸರ್ಕಲ್ಲುಗಳಿಗೆ ಕಂಚಿನ ಮುಖಂಡರನ್ನು ಮಾಡಿದೆ. ಎಲ್ಲರ ಧೋತರದ ನೆರಿಗೆಯೂ, ಸೀರೆಯ ಸೆರಗೂ ಎಡಕ್ಕೇ ವಾಲಿದವು. ಕೈ ಬಿಟ್ಟು ಹೋಗಲಿಲ್ಲ ಆ ರೂಢಿ. ಬೆಂಗಳೂರಿನ ವಿಮರ್ಶಕರೊಬ್ಬರು ಅದನ್ನು ನನ್ನ ಸ್ವಂತ ಶೈಲಿ ಅಂತ ಬರೆದರು. ಸ್ವಂತವಂತೆ! ಆ ಪತ್ರಿಕೆಯ ಪುಟವನ್ನು ನಾನು ಕಟ್ಟು ಹಾಕಿಸಿ ಗೋಡೆಗೆ ತೂಗು ಹಾಕಿದೆ.

ಹೋದ ವರ್ಷ ಬಾಗಲಕೋಟೆಯಲ್ಲಿ ನನಗೆ ಸನ್ಮಾನ ಅಂತ ಗೊತ್ತಾಯಿತು. ಅದಕ್ಕೊಂದು ಪುಸ್ತಿಕೆ. ನನ್ನ ಬಗ್ಗೆ ಬರೆಯಲು ಹುನಗುಂದದ ಹೈಸ್ಕೂಲಿನ ಡ್ರಾಯಿಂಗ್ ಟೀಚರ್ ಒಬ್ಬರು ಬಂದರು. ನೋಟುಬುಕ್ಕಿನ ತುಂಬ ನನ್ನ ಮೂರ್ತಿಗಳನ್ನು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದರು.

"ಸರ್, ಈ ನೆರಿಗಿ ಎಡಕ್ಕ ವಾಲತಾವಲ್ರಿ, ಇದು ಗುಹಿಯೊಳಗ ಎಲ್ಲೂ ಇಲ್ಲ. ಎಲ್ಲಿಂದ ಬಂತ್ರಿ?"

ಕೇಳಿದ ಮೊದಲನೆಯವರು ಅವರೇ. ಗಾಬರಿಯಲ್ಲಿ, ಮಹಾಕೂಟದ ಆಚೆಗಿನ ಆ ಗುಡಿಯ ಎಸಳು ನೋಡಿ ಕಲಿತೆ ಅಂದುಬಿಟ್ಟೆ. ಗುಡಿಯ ಹೆಸರು ಬರೆದುಕೊಂಡು ಹೋದರು. ಬರೆದುಕೊಂಡಷ್ಟಕ್ಕೆ ಬಿಡುವ ಹೆಣ್ಣುಮಗಳಲ್ಲ. ರವಿವಾರ ಬಸ್ಸು ಹತ್ತಿ ಹೋಗಿ ನೋಡಿಕೊಂಡೇ ಬಂದರು.

"ಎಲ್ಲಾ ಎಸಳು ನೆಟ್ಟಗ ಅದಾವ್ರಿ ಸರ್. ಒಂದೂ ವಾಲಿಲ್ಲ. ನಡುವ ಒಂದು ಕಲ್ಲು ಮಾತ್ರ ಬೋಳ ಐತಿ."

ನನಗೆ ಅವರ ಮುಖ ನೋಡಲಾಗಲಿಲ್ಲ. ಮೂವತ್ತು ವರ್ಷ ಯಾರಿಗೂ, ಹೆಂಡತಿಗೂ ಹೇಳದ್ದನ್ನು ಅವತ್ತು ಅವರಿಗೆ ಹೇಳಿದೆ. ಬುತ್ತಿಯಿಂದ ಹಿಡಿದು ಅಪ್ಪ ಎಡಗೈ ತಿರುವಿ ನೋಡಿಕೊಂಡದ್ದರವರೆಗೆ. ಅವರು ಬರೆಯುವುದನ್ನು ನಿಲ್ಲಿಸಿ ಕೇಳಿಸಿಕೊಂಡರು. ಕೊನೆಗೆ, "ಇದನ್ನ ಬರೀಲೇನ್ರಿ?" ಅಂದರು. ಬರೀರಿ, ಅಪ್ಪನ ಹೆಸರು ಹಾಕಿಯೇ ಬರೀರಿ ಅಂದೆ. ಅವತ್ತು ಊಟ ರುಚಿಸಿತು. ಅಪ್ಪನ ಹೆಸರು ಯಾವ ಗುಡಿಯಲ್ಲೂ ಇಲ್ಲ, ಒಂದು ಕಾಗದದಲ್ಲಾದರೂ ಇರಲಿ ಅಂತ ಸಮಾಧಾನಪಟ್ಟೆ.

ಪುಸ್ತಿಕೆ ಅಚ್ಚಿಗೆ ಹೋಗುವ ಮುಂಚಿನ ದಿನ ಸನ್ಮಾನ ಸಮಿತಿಯ ಅಧ್ಯಕ್ಷರ ಫೋನು ಬಂತು. ದನಿ ಬಹಳ ಮೆತ್ತಗಿತ್ತು.

"ಟೀಚರ್ ಚಲೋ ಬರದಾರ್ರಿ. ಆದ್ರ ಆ ನಿಮ್ಮ ತಂದೆಯವರ ವಿಷಯ... ನಿಯಮ ಮುರದ್ರು, ನೀವ ಸಾಹೇಬ್ರಿಗೆ ತೋರಿಸಿಕೊಟ್ರಿ ಅಂತೆಲ್ಲಾ ಐತಿ. ದೊಡ್ಡ ದೊಡ್ಡ ಸಾಹೇಬ್ರು ವೇದಿಕಿ ಮ್ಯಾಲ ಇರ್ತಾರ. ಸನ್ಮಾನದ ದಿನ ಶೋಭಾ ಅಲ್ಲ. ನಿಮ್ಮ ಮರ್ಯಾದಿ ಸಲುವಾಗಿ ಹೇಳ್ತೇನಿ. ಇರಲೋ, ತೆಗೀಲೋ? ನೀವು ಹೇಳಿದಂಗ."

ಇರಲಿ ಅನ್ನಬಹುದಿತ್ತು. ಅವರೇನೂ ನನ್ನ ಕುತ್ತಿಗೆ ಹಿಡಿದಿರಲಿಲ್ಲ.

"ಆಗ್ಲಿರಿ," ಅಂದೆ. "ತೆಗೀರಿ."

ಪುಸ್ತಿಕೆ ಚಂದ ಬಂದಿದೆ. ನನ್ನ ಪುಟದಲ್ಲಿ ಗುಹೆಗಳ ದೊಡ್ಡ ಫೋಟೋ ಇದೆ, ಕೆಳಗೆ ನನ್ನ ಅದೇ ಮಾತು. ಟೀಚರ್ ಸನ್ಮಾನಕ್ಕೆ ಬರಲಿಲ್ಲ. ಅಪ್ಪ ಕೆತ್ತಿದ್ದನ್ನು ನಾನು ಎರಡನೆಯ ಸಲ ತೆಗೆಸಿದೆ, ಈ ಸಲ ತನ್ನ ಕೈಯಿಂದಲೇ ತೆಗೆಯಲು ಅವನು ಇರಲಿಲ್ಲ.